ಸೀಸದ ಕೌದಿ

ಮುಟ್ಟಬೇಡಿ ಎಂದು ಬರೆದ ಹಲಗೆಯನ್ನು ಕಾರಿನ ಮೂತಿಯ ಮುಂದೆಯೇ ನಿಲ್ಲಿಸಿದ್ದರು. ಲವೋನಿಯಾ ಟಾಲಿವರ್ ಅದನ್ನು ಓದಿದಳು. ಮಡಚುವ ಕುರ್ಚಿಯಲ್ಲಿ ಕೂತು, ತೊಡೆಯ ಮೇಲಿದ್ದ ದಪ್ಪ ಪ್ಲಾಸ್ಟಿಕ್ ಚೀಲವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಚೀಲದ ಬಾಯಿಗೆ ಅಗಲವಾದ ಟೇಪು ಸುತ್ತಿತ್ತು. ಒಳಗೆ ಕೌದಿ ಇತ್ತು.

"ಮುಟ್ಟಬೇಡಿ ಅಂತೆ," ಎಂದಳು ಪಕ್ಕದಲ್ಲಿ ಕೂತಿದ್ದ ನಾದಿನಿ ಓಡೆಸ್ಸಾ. "ನಮ್ಮಣ್ಣ ಇದನ್ನ ಉಜ್ಜೀ ಉಜ್ಜೀ ಕೈನೇ ಬಿದ್ದೋಯ್ತು. ಈಗ ನಾವು ಮುಟ್ಟಿದ್ರೆ ಮೈಲಿಗೆ ಆಗತ್ತೇನೋ!"

"ಸುಮ್ನಿರೆ. ನಾನು ಮಾತಾಡಕ್ಕೆ ಬಂದಿದ್ದೀನಿ, ಜಗಳಕ್ಕಲ್ಲ."

"ಜಗಳ ಇಲ್ದೆ ಈ ಜನ ಯಾವತ್ತು ನಮ್ಮ ಮಾತು ಕೇಳಿದಾರೆ ಅತ್ತಿಗೆ?"

ಅವರು ಕೂತಿದ್ದ ಹುಲ್ಲುಹಾಸಿನ ಜಾಗದಲ್ಲಿ ಒಂದು ಕಾಲಕ್ಕೆ ಕಾರ್ಖಾನೆಯಿತ್ತು. ಮಿಶಿಗನ್ನಿನ ಈ ಊರು ಹುಟ್ಟಿದ್ದೇ ಅದರಿಂದ, ಹಾಳಾದದ್ದೂ ಅದರಿಂದಲೇ. ಕೆಡವಿದರು, ಮೇಲೆ ಮಣ್ಣು ಹೊದಿಸಿದರು, ಹುಲ್ಲು ಬೆಳೆಸಿದರು. ಈಗ ಪ್ರತಿ ಆಗಸ್ಟಿನಲ್ಲಿ ಹಳೆಯ ಮಸಲ್ ಕಾರುಗಳ ಒಡೆಯರು ಅಲ್ಲಿಗೆ ಬರುತ್ತಾರೆ. ದೊಡ್ಡ ಎಂಜಿನ್ನಿನ, ಎದೆ ಉಬ್ಬಿಸಿ ನಿಲ್ಲುವ ಆ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಬಾನೆಟ್ಟು ಎತ್ತಿಟ್ಟು, ಒಬ್ಬರ ಕಾರನ್ನು ಇನ್ನೊಬ್ಬರು ಹೊಗಳುತ್ತಾರೆ. ಒಂದು ಮೂಲೆಯಲ್ಲಿ ಹಂದಿ ಪಕ್ಕೆಲುಬು ಸುಡುತ್ತಿರುತ್ತದೆ. ಮಕ್ಕಳು ನಿಂಬೆ ಶರಬತ್ತು ಕುಡಿದು ಓಡಾಡುತ್ತವೆ. ಅಲ್ಲಿ ಸತ್ತವರ ನೆನಪು ಯಾರಿಗೂ ಇರುವುದಿಲ್ಲ.

ಅವಳ ಮುಂದಿದ್ದದ್ದು ಅರವತ್ತೊಂಬತ್ತನೇ ಇಸವಿಯ ಕಾರು. ಕಡು ಹಸಿರು ಬಣ್ಣ, ಎರಡೇ ಬಾಗಿಲು. ಒಡೆಯ ವೆಂಡೆಲ್ ಕ್ರಾಫ್ಟ್, ಈ ಕಾರು ಸಂಘದ ಅಧ್ಯಕ್ಷ. ಅವನ ಮನೆ ಊರಾಚೆ ಸರೋವರದ ದಂಡೆಯಲ್ಲಿದೆ. ಅಲ್ಲಿ ಕಾರುಗಳಿಗೆಂದೇ ಒಂದು ಕೊಟ್ಟಿಗೆ, ಚಳಿಗಾಲವಿಡೀ ಅದರೊಳಗೆ ಬಿಸಿಗಾಳಿ. ಲವೋನಿಯಾ ಮಗಳನ್ನು ಹೆತ್ತ ಚಳಿಗಾಲದಲ್ಲಿ ಅವಳ ಬಾಡಿಗೆ ಮನೆಗೆ ಅಡುಗೆ ಒಲೆಯೊಂದೇ ಬಿಸಿ. ಕಾರಿಗೆ ಸಿಗುವ ಬೆಚ್ಚಗಿನ ಜಾಗ ಕಾರು ಮಾಡಿದವನ ಕೂಸಿಗೆ ಸಿಗಲಿಲ್ಲ.

ವೆಂಡೆಲ್ ಬಿಳಿ ಕೈಗವಸು ತೊಟ್ಟು ಸುತ್ತ ಸೇರಿದವರಿಗೆ ಹೇಳುತ್ತಿದ್ದ: "ಈ ಜಾಗ ನೋಡಿ. ಮೇಲಿನ ಛಾವಣಿ ಬಂದು ಹಿಂದಿನ ಮೈಗೆ ಸೇರೋ ಜಾಗ. ಎಲ್ಲಾದ್ರೂ ಬೆಸುಗೆ ಕಾಣತ್ತಾ? ಕಾಣಲ್ಲ! ಒಳಗಿರೋದು ಅಸಲಿ ಸೀಸ. ಕಾರ್ಖಾನೇಲಿ ತುಂಬಿ ಉಜ್ಜಿದ್ದು. ಅವತ್ತಿಂದ ಇವತ್ತಿನವರೆಗೂ ಯಾರೂ ಮುಟ್ಟಿಲ್ಲ."

ಜನ ಆಹಾ ಎಂದರು. ಒಬ್ಬ ಫೋಟೊ ತೆಗೆದ.

ಬೆಸುಗೆ ಕಾಣದಂತೆ ಮಾಡುವುದು ಅವಳ ಗಂಡ ಕ್ಲಿಯೋಥಾನ ಕೆಲಸವಾಗಿತ್ತು. ಇದೇ ಕಾರು ಅವನ ಕೈಯಡಿ ಹೋಯಿತೆಂದು ಹೇಳಲಾಗದು. ಅವನಲ್ಲದಿದ್ದರೆ ಅವನ ಪಕ್ಕದವನು, ಪಕ್ಕದವನಲ್ಲದಿದ್ದರೆ ಆಚೆಯವನು. ಎಲ್ಲರೂ ಕರಿಯರೇ. ಕಾರ್ಖಾನೆಯೊಳಗೆ ತಗಡು ಹೊಡೆದು ಮಾಡಿದ ಒಂದು ಗೂಡಿತ್ತು. ಸೀಸದ ಗೂಡು ಎನ್ನುತ್ತಿದ್ದರು. ಕರಗಿದ ಸೀಸವನ್ನು ಮರದ ಸೌಟಿನಿಂದ ಬೆಸುಗೆಗೆ ಮೆತ್ತಿ ಕಳಿಸುತ್ತಿದ್ದರು. ಗೂಡಿನೊಳಗಿನವರು ಯಂತ್ರ ಹಿಡಿದು ಅದನ್ನು ಉಜ್ಜಿ ನಯ ಮಾಡಬೇಕು. ಬೂದು ಪುಡಿ ಹಾರುತ್ತಿತ್ತು. ತಲೆಗೊಂದು ಮುಸುಕು, ಅದಕ್ಕೊಂದು ಗಾಳಿಯ ಕೊಳವೆ. ಕೊಳವೆ ಹರಿದಿರುತ್ತಿತ್ತು. ಹರಿದಿದೆ ಎಂದರೆ ನಾಳೆ ಎನ್ನುತ್ತಿದ್ದರು. ಕಾರುಗಳು ಸಾಗಿಬರುವ ಸಾಲು ಮಾತ್ರ ನಿಲ್ಲುತ್ತಿರಲಿಲ್ಲ. ಒಂದು ಕಾರು ಹೋದರೆ ಇನ್ನೊಂದು ಬಂದು ಎದೆಗೆ ಒತ್ತುತ್ತಿತ್ತು.

ಉಜ್ಜಿದ ಮೇಲೆ ಕಣ್ಣನ್ನು ನಂಬುವಂತಿಲ್ಲ. ತೆಳು ಹತ್ತಿಯ ಗವಸು ಹಾಕಿ, ಕಣ್ಣು ಮುಚ್ಚಿ, ಅಂಗೈಯನ್ನು ಮೆಲ್ಲಗೆ ಆಡಿಸಬೇಕು. ಕೂದಲೆಳೆಯಷ್ಟು ಉಬ್ಬು ತಗ್ಗು ಇದ್ದರೂ ಅಂಗೈಗೆ ತಿಳಿಯುತ್ತಿತ್ತು. ಮನೆಗೆ ಬಂದ ಮೇಲೂ ಕ್ಲಿಯೋಥಾನಿಗೆ ಆ ಚಟ ಬಿಡುತ್ತಿರಲಿಲ್ಲ. ಮೇಜಿನ ಅಂಚು, ಬಾಗಿಲ ಚೌಕಟ್ಟು, ಮಲಗಿದ ಮಗಳ ಬೆನ್ನು, ಎಲ್ಲದರ ಮೇಲೂ ಕಣ್ಣು ಮುಚ್ಚಿ ಕೈಯಾಡಿಸುತ್ತಿದ್ದ.

ಉಚ್ಚೆಗೆ ಹೋಗಬೇಕಾದರೆ ಕೈ ಎತ್ತಿ ನಿಲ್ಲಬೇಕಿತ್ತು. ಮೇಸ್ತ್ರಿ ನೋಡಿ ಬದಲಿ ಆಳು ಕಳಿಸಿದರೆ ಹೋಗಬಹುದು. ಒಂದು ದಿನ ಮೇಸ್ತ್ರಿ ನೋಡಿದ. ನೋಡಿ ಕಾಫಿ ಕುಡಿಯುತ್ತಾ ನಿಂತ. ಕ್ಲಿಯೋಥಾ ಒಂದು ಕೈ ಎತ್ತಿಕೊಂಡು ಇನ್ನೊಂದು ಕೈಯಲ್ಲಿ ಉಜ್ಜಿದ. ಕೊನೆಗೆ ನಿಂತಲ್ಲೇ ಬಟ್ಟೆಯಲ್ಲೇ ಆಗಿಹೋಯಿತು. "ಬಿಸಿ ತಡೆಯೋ ಜನ ನೀವು ಕರಿಯರು, ಇದನ್ನ ತಡ್ಕೊಳಕ್ಕೆ ಆಗಲ್ವಾ?" ಎಂದ ಮೇಸ್ತ್ರಿ. ಸಾಲಿನಲ್ಲಿದ್ದವರು ನಕ್ಕರು. ಮದುವೆಯಾದ ಗಂಡಸು, ಒದ್ದೆ ಬಟ್ಟೆಯಲ್ಲಿ ಪಾಳಿ ಮುಗಿಸಿದ.

ಕಾರ್ಖಾನೆಯಲ್ಲಿ ಸ್ನಾನದ ಕೋಣೆಯಿತ್ತು. ಬಿಸಿನೀರೂ ಬರುತ್ತಿತ್ತು. ಅದು ತಗಡು ಒತ್ತುವ ಅಚ್ಚುಗಳನ್ನು ಕಡೆಯುವವರಿಗೆ. ಅವರು ಬಿಳಿಯರು. ಬೀಗದ ಕೈ ಅವರ ಹತ್ತಿರ. ಅದೊಂದು ದಿನ ಕ್ಲಿಯೋಥಾ ಕೇಳಿದ್ದ, ಪುಡಿ ತೊಳೆದುಕೊಂಡು ಹೋಗುತ್ತೇನೆ ಅಂತ. "ಯಾಕೆ, ನಿಮ್ಮನೇಲಿ ನೀರಿಲ್ವಾ?" ಎಂದರು. ಅವನು ಮತ್ತೆ ಕೇಳಲಿಲ್ಲ.

ಹಾಗಾಗಿ ಅದೇ ಬಟ್ಟೆಯಲ್ಲಿ ಮನೆಗೆ ಬರುತ್ತಿದ್ದ. ಮಗಳು ಡೆಲ್ಫಿನ್ ಓಡಿಹೋಗಿ ಅವನ ಮಂಡಿ ತಬ್ಬುತ್ತಿದ್ದಳು. ಪ್ಯಾಂಟಿನ ಬೂದು ಧೂಳಿನ ಮೇಲೆ ಎರಡು ಪುಟ್ಟ ಕೈ ಮೂಡುತ್ತಿದ್ದವು. ಅವನು ಅದನ್ನು ಕೊಡವುತ್ತಿರಲಿಲ್ಲ. ಊಟ ಮುಗಿಯುವವರೆಗೆ ಹಾಗೇ ಇಟ್ಟುಕೊಂಡಿರುತ್ತಿದ್ದ. "ನನ್ನ ಮೇಲೆ ಮೊಹರು ಹೊಡೆದಿದಾಳೆ ನೋಡೆ ಇವಳು," ಎನ್ನುತ್ತಿದ್ದ. ಲವೋನಿಯಾ ನಗುತ್ತಿದ್ದಳು. ಆ ನಗು ನೆನಪಾದಾಗೆಲ್ಲ ಈಗ ಅವಳಿಗೆ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಕೌದಿ ಹೊಲಿದದ್ದು ಅವಳು. ಅವರ ಕಡೆ, ಅಲಬಾಮಾದಲ್ಲಿ, ಮಗು ಹುಟ್ಟಿದರೆ ಅಪ್ಪ ದುಡಿದು ಸವೆಸಿದ ಬಟ್ಟೆ ಕತ್ತರಿಸಿ ಕೌದಿ ಹೊಲಿಯುವುದು ಪದ್ಧತಿ. ಮಂಡಿಯ ತೇಪೆ, ಜೇಬಿನ ಗುರುತು ಎಲ್ಲ ಹಾಗೇ ಇರಬೇಕು. ಅದನ್ನು ಜೋರಾಗಿ ಒಗೆಯುವಂತಿಲ್ಲ, ಕುದಿಸುವಂತಿಲ್ಲ. ಒಗೆದರೆ ಅಪ್ಪನ ವಾಸನೆ ಹೋಗುತ್ತದೆ. ಅಪ್ಪ ಹೊಲಕ್ಕೆ ಹೋದಾಗ ಮಗು ಆ ವಾಸನೆಯಲ್ಲಿ ನಿದ್ದೆ ಮಾಡಬೇಕು. ಅವಳಮ್ಮ ಹಾಗೆ ಹೊಲಿದಿದ್ದಳು, ಅಜ್ಜಿಯೂ. ಆ ಊರಿನ ಅಪ್ಪಂದಿರ ಬಟ್ಟೆಯಲ್ಲಿ ಹತ್ತಿ ಹೊಲದ ಮಣ್ಣಿತ್ತು. ಕ್ಲಿಯೋಥಾನ ಬಟ್ಟೆಯಲ್ಲಿ ಸೀಸವಿತ್ತು. ಅದನ್ನು ಯಾರೂ ಅವಳಿಗೆ ಹೇಳಲಿಲ್ಲ. ಹೇಳಬೇಕಾದವರಿಗೆ ಗೊತ್ತಿತ್ತು.

ಹಲ್ಲು ಬರುವಾಗ ಡೆಲ್ಫಿನ್ ಕೌದಿಯ ಒಂದು ಮೂಲೆಯನ್ನು ಜಗಿದೂ ಜಗಿದೂ ಎಳೆಎಳೆ ಮಾಡಿದ್ದಳು.

ಆಮೇಲೆ ಹೊಟ್ಟೆನೋವು ಶುರುವಾಯಿತು. ಆಡಲು ಕಲಿತಿದ್ದ ಮಾತುಗಳನ್ನು ಒಂದೊಂದಾಗಿ ಬಿಟ್ಟಳು. ಅಪ್ಪ ಬಂದರೂ ಎದ್ದು ಓಡಲಿಲ್ಲ. ಒಂದು ಮಧ್ಯಾಹ್ನ ಕೈಕಾಲು ಸೆಟೆದುಕೊಂಡವು. ಊರಿನ ಆಸ್ಪತ್ರೆಯವರು ರಕ್ತ ನೋಡಿ ಸೀಸ ಸೇರಿದೆ ಎಂದರು. ತಂದೆ ಎಲ್ಲಿ ಕೆಲಸ ಮಾಡುತ್ತಾನೆ ಎಂದು ಕೇಳಿದರು. ಕಂಪನಿಗೆ ಸುದ್ದಿ ಹೋಯಿತು. ಕಂಪನಿ ತನ್ನ ಡಾಕ್ಟರನ್ನು ಅವಳ ಮನೆಗೇ ಕಳಿಸಿತು.

ಅವನು ಟೊಪ್ಪಿಗೆ ತೆಗೆಯಲಿಲ್ಲ. ಕುರ್ಚಿ ಕೊಟ್ಟರೆ ಕೂರಲಿಲ್ಲ. ಜೇಬಿನಿಂದ ಚಾಕು ತೆಗೆದು ಕಿಟಕಿಯ ಬಣ್ಣ ಕೆರೆದ. ಒಂದು ಚಕ್ಕೆ ಉದುರಿತು.

"ಇದೇ," ಎಂದ. "ಬಣ್ಣದ ಚಕ್ಕೆ ತಿಂದಿದೆ ಮಗು. ಮನೆ ಗಲೀಜು. ನಿಮ್ಮ ಜನಕ್ಕೆ ನೆಲ ಗುಡಿಸೋದನ್ನ ಯಾರು ಕಲಿಸಬೇಕು? ಇನ್ಮೇಲೆ ಮಗೂನ ನೆಲಕ್ಕೆ ಬಿಡಬೇಡ."

ಲವೋನಿಯಾ ನಂಬಿದಳು. ಡಾಕ್ಟರು ಹೇಳಿದ ಮೇಲೆ ನಂಬದೆ ಏನು ಮಾಡುತ್ತಾಳೆ? ನೆಲ ತಿಕ್ಕಿದಳು, ಗೋಡೆ ತಿಕ್ಕಿದಳು, ಬೆರಳ ಗಂಟುಗಳಲ್ಲಿ ರಕ್ತ ಬರುವವರೆಗೆ ತಿಕ್ಕಿದಳು. ತಿಕ್ಕುವಾಗ ಮಗು ನೆಲ ಮುಟ್ಟಬಾರದಲ್ಲ? ಕೋಣೆಯ ನಡುವೆ ಕೌದಿ ಹಾಸಿ, ಅದರ ಮೇಲೆ ಮಗಳನ್ನು ಕೂರಿಸಿದಳು.

"ಕೌದಿ ಬಿಟ್ಟು ಇಳೀಬೇಡ ಕಂದಾ. ನೆಲದಲ್ಲಿ ವಿಷ ಇದೆ."

ಮಾತು ಕೇಳುವ ಮಗು. ಇಳಿಯಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಅದರ ಮೇಲೇ ಕೂತಿತು, ಅದರ ಮೇಲೇ ಮಲಗಿತು, ಅದರ ಮೂಲೆ ಬಾಯಿಗಿಟ್ಟುಕೊಂಡಿತು. ಆ ಚಳಿಗಾಲ ದಾಟಲಿಲ್ಲ.

ನಿಜ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಚರ್ಚಿನ ಅಡುಗೆಮನೆಯಲ್ಲಿ. ಸಾವಿನ ಊಟಕ್ಕೆ ಹೆಂಗಸರು ಕೋಳಿ ಕರಿಯುತ್ತಿದ್ದರು. ಒಬ್ಬಳು ತನ್ನ ಮಗ ಮಾತು ಕಲಿಯಲೇ ಇಲ್ಲ ಎಂದಳು. ಇನ್ನೊಬ್ಬಳು ತನ್ನ ಮಗುವಿಗೂ ಸೆಟೆತ ಬರುತ್ತಿತ್ತು ಎಂದಳು. ಎಲ್ಲರೂ ಸೀಸದ ಗೂಡಿನವರ ಹೆಂಡಂದಿರು. ಅವರಲ್ಲೊಬ್ಬಳ ಮನೆ ಹೊಚ್ಚಹೊಸದು, ಬಣ್ಣವೂ ಹೊಸದು. ಸೌಟು ಹಿಡಿದ ಕೈಗಳು ಹಾಗೇ ನಿಂತವು.

ಅವತ್ತು ಲವೋನಿಯಾ ಮನೆಗೆ ಬಂದು ಕೌದಿಯನ್ನು ಹಿತ್ತಲಿಗೆ ಎಸೆದು ಬೆಂಕಿಕಡ್ಡಿ ಗೀರಿದಳು. ಹಚ್ಚಲಾಗಲಿಲ್ಲ. ಮೂಲೆಯಲ್ಲಿ ಹಲ್ಲಿನ ಗುರುತಿತ್ತು. ಅಷ್ಟು ಹೊತ್ತಿಗೆ ಕ್ಲಿಯೋಥಾನ ಮಣಿಕಟ್ಟುಗಳು ಸೀಸದ ವಿಷಕ್ಕೆ ಬಿದ್ದುಹೋಗಿದ್ದವು. ಎರಡೂ ಕೈ ಜೋತಾಡುತ್ತಿದ್ದವು, ಲೋಟ ಎತ್ತಲಾಗುತ್ತಿರಲಿಲ್ಲ. ಆ ಕೈಗಳಲ್ಲೇ ಅವನು ಕೌದಿಯನ್ನು ಬಾಚಿ ಚೀಲಕ್ಕೆ ತುಂಬಿದ.

"ಮಗೂನ ಕೊಂದಿದ್ದು ನೀನಲ್ಲ," ಎಂದ. "ಕಂಪನಿ."

"ದಾರ ನಂದು," ಎಂದಳು ಅವಳು.

ಆಮೇಲೆ ಅವನು ಸಾಯುವವರೆಗೂ ಇಬ್ಬರೂ ಆ ಮಾತು ಎತ್ತಲಿಲ್ಲ. ಬೀದಿಯಲ್ಲಿ ದೊಡ್ಡ ಎಂಜಿನ್ನಿನ ಸದ್ದು ಕೇಳಿದರೆ ಮಾತ್ರ ಅವನು ಕಿಟಕಿಗೆ ಬರುತ್ತಿದ್ದ. ಅಂಥ ಒಂದು ಕಾರಿನಲ್ಲಿ ಒಂದು ಸಲ ಕೂತು ನೋಡುವ ಆಸೆ ಅವನಿಗಿತ್ತು, ಸುಳ್ಳೇಕೆ ಹೇಳಬೇಕು. ಕೂರಲಿಲ್ಲ. ಕಂಪನಿಯವರು ಕೊನೆಯವರೆಗೂ ಬಣ್ಣದ ಚಕ್ಕೆ ಎಂದೇ ಹೇಳಿದರು. ಆಮೇಲೆ ಬಾಗಿಲು ಹಾಕಿಕೊಂಡು ಹೋದರು. ಮನೆ ಗಲೀಜು ಎಂಬ ಮಾತು ಮಾತ್ರ ಲವೋನಿಯಾಳ ಮೇಲೆ ಹಾಗೇ ಉಳಿಯಿತು.

ಈ ವರ್ಷ ವೆಂಡೆಲ್ ಕ್ರಾಫ್ಟ್ ಫೋನು ಮಾಡಿದ್ದ. ದುಡಿದವರ ಬಟ್ಟೆಯ ಕೌದಿ ನಿಮ್ಮಲ್ಲಿದೆಯಂತೆ, ನಮ್ಮ ಕಾರಿನ ಪಕ್ಕ ಇಟ್ಟರೆ ಎಷ್ಟು ಚೆಂದ, ಎಂದ. ಲವೋನಿಯಾ ಒಂದೇ ಮಾತು ಕೇಳಿದ್ದಳು.

"ನನ್ನ ಮಗಳ ಹೆಸರು ಹೇಳಬಹುದಾ? ಅವಳು ಯಾತರಿಂದ ಹೋದ್ಲು ಅಂತ ಮೈಕಲ್ಲಿ ಹೇಳಬಹುದಾ?"

"ಧಾರಾಳವಾಗಿ ಹೇಳಿ ಅಮ್ಮಾ. ನಿಮಗೆ ಏನನ್ಸತ್ತೋ ಹೇಳಿ."

ಅದಕ್ಕೇ ಬಂದಿದ್ದಳು. ಆ ನೆಲದ ಮೇಲೆ ನಿಂತು ಒಂದು ಸಲ ನಿಜ ಹೇಳಬೇಕು. ಅಷ್ಟಾದರೆ ಸತ್ತರೂ ಪರವಾಗಿಲ್ಲ ಎಂದುಕೊಂಡಿದ್ದಳು.

ಈಗ ವೆಂಡೆಲ್ ಗವಸು ಸರಿಪಡಿಸಿಕೊಂಡು ಅವಳ ಹತ್ತಿರ ಬಂದ. ಬಾಗಿ, ಕಿವಿ ಕೇಳದವರಿಗೆ ಹೇಳುವಂತೆ ಜೋರಾಗಿ ಹೇಳಿದ.

"ಅಮ್ಮಾ, ಈಗ ನಿಮ್ಮ ಸರದಿ. ಹೊಲಿಗೆ ಬಗ್ಗೆ ಹೇಳಿ, ಊರಿನ ಪದ್ಧತಿ ಬಗ್ಗೆ ಹೇಳಿ. ಅಜ್ಜಿ ಕಥೆ ಹೇಳೋ ಥರ. ದುಃಖದ್ದೆಲ್ಲ ಬೇಡ, ಆಯ್ತಾ? ಮಕ್ಕಳು ಮರಿ ಎಲ್ಲ ಬಂದಿದಾರೆ."

"ಫೋನಲ್ಲಿ ಹೇಳಬಹುದು ಅಂದ್ರಲ್ಲ."

"ಅಂದೆ, ಅಂದೆ. ಆದ್ರೆ ಹಬ್ಬದ ವಾತಾವರಣ ಇದೆ ನೋಡಿ. ಈ ಚೀಲ ಕೊಡಿ. ಒಳಗಿದ್ರೆ ಫೋಟೊ ಬರಲ್ಲ, ಹೊರಗೆ ಹಾಸೋಣ."

"ತೆಗೀಬಾರ್ದು. ಯಾಕೆ ತೆಗೀಬಾರ್ದು ಅಂತ ಹೇಳೋದಕ್ಕೇ ನಾನು ಬಂದಿರೋದು."

ವೆಂಡೆಲ್ ನಕ್ಕ. "ಹಾಳು ಮಾಡಲ್ಲಮ್ಮಾ, ನನ್ನ ಕಾರಿಗಿಂತ ಜೋಪಾನವಾಗಿ ನೋಡ್ಕೋತೀವಿ," ಎಂದು ಚೀಲ ಎತ್ತಿಕೊಂಡೇಬಿಟ್ಟ. ಅವಳ ಬೆರಳು ಚೀಲಕ್ಕೆ ಕಚ್ಚಿಕೊಂಡಿತ್ತು. ಅವನು ಒಂದೊಂದೇ ಬೆರಳು ಬಿಡಿಸಿದ, ನಗುತ್ತಲೇ. ಯಾರೋ ಅವಳ ತೋಳು ಹಿಡಿದು ಮೈಕಿನ ಕಡೆ ನಡೆಸಿದರು. ಓಡೆಸ್ಸಾ, "ಏಯ್, ಬೇಡ ಅಂತಿದಾಳಲ್ಲ, ಕಿವಿ ಇಲ್ವೇನ್ರೋ ನಿಮಗೆ!" ಎಂದು ಕೂಗಿದಳು. ಕಾರುಗಳ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ.

ಮೈಕಿನ ಮುಂದೆ ನಿಂತು ಲವೋನಿಯಾ ತಿರುಗಿ ನೋಡಿದಳು. ಟೇಪು ಹರಿದಿತ್ತು. ಕೌದಿ ಹಸಿರು ಕಾರಿನ ಮುಂದೆ ಹುಲ್ಲಿನ ಮೇಲೆ ಹಾಸಿತ್ತು. ಅಷ್ಟು ವರ್ಷಗಳ ಮೇಲೆ ಅದಕ್ಕೆ ಬಿಸಿಲು ಬಿದ್ದಿತ್ತು. ಅದರ ಮೇಲೆ ಒಂದು ಮಗು ಕೂತಿತ್ತು. ವೆಂಡೆಲನ ಮೊಮ್ಮಗಳು, ಆಗಷ್ಟೇ ನಡೆಯಲು ಕಲಿತವಳು. ಅಮ್ಮ ಪಕ್ಕದಲ್ಲಿ ನಿಂತು ಫೋಟೊ ತೆಗೆಯುತ್ತಿದ್ದಳು. ಮಗು ಎಳೆಎಳೆಯಾದ ಆ ಮೂಲೆಯನ್ನು ಹಿಡಿದು ಬಾಯಿಯ ಹತ್ತಿರ ತಂದಿತು.

"ಮುಟ್ಟಬೇಡ!"

ಮೈಕು ಕಿರುಚಿತು. ಲವೋನಿಯಾ ಓಡಿದಳು. ನೆಟ್ಟಗೆ ನಡೆಯಲಾರದ ಮಂಡಿ ಹೊತ್ತು ಓಡಿದಳು. ಬಿದ್ದಂತೆ ಕುಸಿದು ಮಗುವಿನ ಮಣಿಕಟ್ಟು ಹಿಡಿದು ಕೌದಿ ಕಿತ್ತುಕೊಂಡಳು. ಮಗು ಚೀರಿತು. ಕಾವಲಿನವನೊಬ್ಬ ಬಂದು ಅವಳ ರೆಟ್ಟೆಗೆ ಕೈ ಹಾಕಿ ಎಳೆದ.

"ನನ್ನ ಮಗೂನ ಬಿಡು!" ಎಂದು ತಾಯಿ ಕೂಗಿದಳು.

"ಏನಾಗಿದೆ ನಿಮಗೆ?" ವೆಂಡೆಲನ ಮುಖ ಕೆಂಪಾಗಿತ್ತು. "ಒಂದು ಹಳೇ ಬಟ್ಟೆ ಮುಟ್ಟಿದ್ದಕ್ಕೆ ಕೂಸಿನ ಕೈ ತಿರುಚ್ತೀರಾ?"

"ಸೀಸ ಇದೆ ಅದರಲ್ಲಿ. ಕಾರ್ಖಾನೆ ಸೀಸ. ಕೈ ತೊಳೀರಿ. ಮೊದಲು ಮಗು ಕೈ ತೊಳೀರಿ."

ಸೀಸ ಎಂಬ ಮಾತು ಸಾಕಾಯಿತು. ಯಾರೂ ಪುರಾವೆ ಕೇಳಲಿಲ್ಲ. ಕಿಟಕಿಯ ಬಣ್ಣ ಕೆರೆಯಲಿಲ್ಲ. ಒಬ್ಬ ನೀರಿನ ಬಾಟಲಿ ತಂದ, ಇನ್ನೊಬ್ಬ ತಂದ, ಶರಬತ್ತಿನ ಅಂಗಡಿಯವನು ಬಕೆಟ್ಟನ್ನೇ ಹೊತ್ತು ತಂದ. ಮಗುವಿನ ಅಂಗೈಗೆ ಸುರಿದರು, ಬೆರಳ ಸಂದಿಗೆ ಸುರಿದರು, ಬಾಯಿ ತೊಳೆದು ಒರೆಸಿದರು. ಅಂಗಿ ಬಿಚ್ಚಿ ದೂರ ಎಸೆದರು. ಯಾರೋ ಸಾಬೂನು ತಂದರು. ತಾಯಿ ಅಳುತ್ತಾ ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು. ನೀರು ಹುಲ್ಲಿನಲ್ಲಿ ಹರಿದು ಲವೋನಿಯಾಳ ಬೂಟಿನವರೆಗೆ ಬಂತು.

ಅವಳು ಕೂತಲ್ಲೇ ಅದನ್ನು ನೋಡಿದಳು. ಇಷ್ಟೇ. ಇಷ್ಟು ನೀರು ಸಾಕಿತ್ತು. ಅವತ್ತು ಸ್ನಾನದ ಕೋಣೆಯ ಕೀಲಿ ತೆಗೆದು ಕ್ಲಿಯೋಥಾನಿಗೆ ಇಷ್ಟು ನೀರು ಕೊಟ್ಟಿದ್ದರೆ ತನ್ನ ಮಗಳು ಇವತ್ತು ಅಜ್ಜಿಯಾಗಿರುತ್ತಿದ್ದಳು. ಎದೆ ಒಡೆದುಹೋಗುವ ಹಾಗೆ ಅವಳಿಗೆ ಅಳು ಬಂತು. ಅತ್ತಳು. ಮಗಳು ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಅವತ್ತು ನೆಲ ತಿಕ್ಕುತ್ತಿದ್ದಳು.

ಮಗು ಸುಮ್ಮನಾದ ಮೇಲೆ ವೆಂಡೆಲ್ ಅವಳ ಕಡೆ ತಿರುಗಿದ. ಅಮ್ಮಾ ಎಂಬುದು ಅವನ ಬಾಯಿಂದ ಹೋಗಿತ್ತು.

"ವಿಷ ತಂದು ನಮ್ಮ ಮಕ್ಕಳ ಮಧ್ಯೆ ಹಾಕಿದ್ದೀಯಲ್ಲ, ನಿನಗೆ ಮನುಷ್ಯತ್ವ ಇದೆಯಾ? ಎತ್ಕೊಂಡು ಹೋಗು ಇಲ್ಲಿಂದ!"

ಲವೋನಿಯಾ ಕಾರಿನ ಮೂತಿ ಹಿಡಿದು ಎದ್ದು ನಿಂತಳು. ಹಲಗೆ ಅಡ್ಡ ಬಿತ್ತು.

"ತೆಗೀಬೇಡ ಅಂದೆ, ನೀನು ತೆಗೆದೆ. ಇದನ್ನ ನಾನು ತಂದಿದ್ದಲ್ಲ. ಇಲ್ಲಿಂದ ನಮ್ಮನೆಗೆ ಬಂದಿದ್ದು. ವಾಪಸ್ಸು ತಂದಿದ್ದೀನಿ."

"ನೋಡು, ನಿನ್ನ ಮೇಲೆ ಪೊಲೀಸಿಗೆ—"

"ಕರಿ. ಬರಲಿ. ಅವರಿಗೂ ಹೇಳ್ತೀನಿ. ನನ್ನ ಮಗಳ ಹೆಸರು ಡೆಲ್ಫಿನ್ ಟಾಲಿವರ್. ಹೋದಾಗ ನಿನ್ನ ಮೊಮ್ಮಗಳಿಗಿಂತ ಸ್ವಲ್ಪ ದೊಡ್ಡೋಳು. ಈ ಕಾರಲ್ಲಿ ಏನಿದೆ ಅಂತ ಮೆರೀತಿದ್ದೀಯೋ, ಅದೇ ಅವಳ ಮೈಯಲ್ಲೂ ಇತ್ತು. ನನ್ನ ಮನೆ ಗಲೀಜಿರಲಿಲ್ಲ. ಕೇಳಿಸ್ತಾ? ನನ್ನ ಮನೆ ಗಲೀಜಿರಲಿಲ್ಲ!"

ಮೈಕು ಅಷ್ಟು ಹೊತ್ತಿಗೆ ಆರಿಸಿದ್ದರು. ಆದರೂ ಎಲ್ಲರಿಗೂ ಕೇಳಿತು. ಎಂಜಿನ್ನುಗಳು ಒಂದೊಂದಾಗಿ ಸುಮ್ಮನಾಗಿದ್ದವು.

ಅವಳು ಕೌದಿಯನ್ನು ಎರಡೂ ಕೈಯಲ್ಲಿ ಎತ್ತಿ ಕಾರಿನ ಛಾವಣಿಯ ಮೇಲೆ ಹರಡಿದಳು. ಸುಕ್ಕು ಬಿಡಿಸಿದಳು. ಛಾವಣಿ ಹಿಂದಿನ ಮೈಗೆ ಸೇರುವ ಜಾಗ ಬಂದಾಗ ಅವಳ ಕೈ ತಾನಾಗಿ ನಿಂತಿತು. ಬರಿಗೈ, ಗವಸಿಲ್ಲ. ಕಣ್ಣು ಮುಚ್ಚಿ ಅಂಗೈಯನ್ನು ಮೆಲ್ಲಗೆ ಆಡಿಸಿದಳು. ಏನೂ ತಡೆಯಲಿಲ್ಲ. ನಯವಾಗಿತ್ತು.

"ತೆಗೀರಿ ಅದನ್ನ!" ವೆಂಡೆಲ್ ಕಾವಲಿನವನಿಗೆ ಕೂಗಿದ. "ನನ್ನ ಕಾರು ಅದು!"

ಕಾವಲಿನವನು ತನ್ನ ಅಂಗೈ ನೋಡಿಕೊಂಡು, ಪ್ಯಾಂಟಿಗೆ ಒರೆಸಲು ಹೋಗಿ ನಿಲ್ಲಿಸಿದ. "ನೀವೇ ತೆಗೀರಿ ಸಾರ್. ನನಗೂ ಮನೇಲಿ ಮಕ್ಕಳಿದಾರೆ."

ವೆಂಡೆಲ್ ಒಂದು ಹೆಜ್ಜೆ ಮುಂದಿಟ್ಟ. ಬಿಳಿ ಗವಸಿನ ಕೈ ಚಾಚಿದ. ಕೈ ಅರ್ಧದಲ್ಲೇ ನಿಂತಿತು. ಸುತ್ತಲಿನ ಜನ ಹಿಂದೆ ಸರಿದರು. ಯಾರೂ ಕೌದಿ ಮುಟ್ಟಲಿಲ್ಲ.

ಓಡೆಸ್ಸಾ ಬಂದು ಅವಳ ಸೊಂಟ ಬಳಸಿ ಹಿಡಿದಳು. "ಹೇಳಿ ಆಯ್ತಲ್ಲ ಅತ್ತಿಗೆ. ನಡಿ. ಅವರ ಸೀಸ ಅವರ ಹತ್ರಾನೇ ಇರ್ಲಿ."

ಲವೋನಿಯಾ ಎರಡು ಹೆಜ್ಜೆ ಹೋದಳು. ಆಮೇಲೆ ಹೋಗಲಾಗಲಿಲ್ಲ. ಕುರ್ಚಿ ಎಳೆದುಕೊಂಡು ಬಂದು ಕಾರಿನ ಪಕ್ಕದಲ್ಲೇ ಕೂತಳು.

"ಇನ್ಯಾವುದಾದ್ರೂ ಮಗು ಬಂದ್ರೆ?" ಎಂದಳು. "ನಾನಿಲ್ದೆ ಹೋದ್ರೆ ಯಾರು ಹೇಳ್ತಾರೆ ಅದಕ್ಕೆ?"

ಓಡೆಸ್ಸಾ ಇನ್ನೊಂದು ಕುರ್ಚಿ ತಂದಳು. ಜನ ಕಾರುಗಳನ್ನು ಹೊರಡಿಸಿಕೊಂಡು ಹೋಗತೊಡಗಿದರು. ವೆಂಡೆಲ್ ದೂರದಲ್ಲಿ ನಿಂತು ಯಾರಿಗೋ ಫೋನು ಮಾಡುತ್ತಿದ್ದ. ಜಗಿದ ಮೂಲೆ ಕಾರಿನ ಕಿಟಕಿಯ ಮೇಲೆ ಇಳಿಬಿದ್ದು ಗಾಳಿಗೆ ಅಲ್ಲಾಡುತ್ತಿತ್ತು. ಲವೋನಿಯಾ ಅದನ್ನೇ ನೋಡಿದಳು. ಆಮೇಲೆ, ಯಾರೋ ಅಲ್ಲಿ ಕೂತಿರುವಂತೆ, ಮೆಲ್ಲಗೆ ಕರೆದಳು.

"ಇಳಿ ಕಂದಾ. ಇನ್ನು ಇಳಿ."